ಮಿದುಳಿನ ಚಿತ್ರ, ಯಂತ್ರದ ಕಣ್ಣು: ಮರೆವಿನ ಕಾಯಿಲೆಯ ಬಗ್ಗೆ ಓದುಗರ ಪ್ರಶ್ನೆಗಳು

ಮಿದುಳಿನ ಸ್ಕ್ಯಾನ್ ನೋಡಿ ಡಿಮೆನ್ಷಿಯಾವನ್ನು, ಅಂದರೆ ಮರೆವಿನ ಕಾಯಿಲೆಯನ್ನು, ಕೃತಕ ಬುದ್ಧಿಮತ್ತೆಯು ಹಲವು ವರ್ಷ ಮೊದಲೇ ಗುರುತಿಸುತ್ತದೆ ಎಂಬ ಸುದ್ದಿಗಳನ್ನು ಓದಿದ ಅನೇಕರು ಈ ಅಂಕಣಕ್ಕೆ ಬರೆದಿದ್ದಾರೆ. ಒಂದೇ ವಿಷಯದ ಪತ್ರಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರು ಕೈಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ 71 ವರ್ಷ. ಒಂದು ವರ್ಷದಿಂದ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಜೀವನವಿಡೀ ಲೆಕ್ಕಪತ್ರ ನೋಡಿಕೊಂಡವರು ಈಗ ಪಾಸ್‌ಬುಕ್ ಮುಂದಿಟ್ಟುಕೊಂಡು ತಬ್ಬಿಬ್ಬಾಗಿ ಕುಳಿತಿರುತ್ತಾರೆ. ಎಂಆರ್‌ಐ ವರದಿಯಲ್ಲಿ ‘ವಯಸ್ಸಿಗೆ ತಕ್ಕ ಸವಕಳಿ’ ಎಂದಷ್ಟೇ ಇದೆ. ವೈದ್ಯರ ಕಣ್ಣಿಗೆ ಬೀಳದ್ದನ್ನು ಕೃತಕ ಬುದ್ಧಿಮತ್ತೆ ಕಾಣುತ್ತದೆಯಂತೆ. ಅದೇ ಸ್ಕ್ಯಾನನ್ನು ಅದರಿಂದ ಮತ್ತೊಮ್ಮೆ ನೋಡಿಸಬಹುದೆ?

ಉತ್ತರ: ನೋಡಿಸಬಹುದು. ಆದರೆ ಅದಕ್ಕೆ ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಎಂಆರ್‌ಐ ವರದಿಯಲ್ಲ, ಪಾಸ್‌ಬುಕ್ಕಿನ ಸಂಗತಿ. ಲೆಕ್ಕದಲ್ಲಿ ಪಳಗಿದ ಮನುಷ್ಯ ಲೆಕ್ಕದಲ್ಲೇ ತಡವರಿಸತೊಡಗಿದರೆ ಅದು ವಯಸ್ಸಿನ ಸಹಜ ಮರೆವಲ್ಲ. ಸ್ಕ್ಯಾನ್ ಏನೇ ಹೇಳಲಿ, ನರರೋಗ ತಜ್ಞರು ಅವರನ್ನು ಕೂಲಂಕಷವಾಗಿ ಪರೀಕ್ಷಿಸಲೇಬೇಕು. ‘ವಯಸ್ಸಿಗೆ ತಕ್ಕ ಸವಕಳಿ’ ಎಂಬುದಕ್ಕೆ ಕಾಯಿಲೆ ಇಲ್ಲವೆಂಬ ಅರ್ಥವಿಲ್ಲ. ಈ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಹೆಚ್ಚಿನದೇನೂ ನೋಡಿದವರ ಕಣ್ಣಿಗೆ ಬೀಳಲಿಲ್ಲ ಎಂದಷ್ಟೇ ಅದರ ಅರ್ಥ.

ಕಣ್ಣಿಗೆ ಯಾಕೆ ಬೀಳುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 60ರಿಂದ 70ರಷ್ಟಕ್ಕೆ ಕಾರಣವಾಗುವ ಆಲ್‌ಝೈಮರ್ಸ್ ಕಾಯಿಲೆಯಲ್ಲಿ ಮೊದಲು ಸೊರಗುವ ಭಾಗಗಳಲ್ಲಿ ಹಿಪೊಕ್ಯಾಂಪಸ್ ಮುಖ್ಯವಾದದ್ದು. ಕಿವಿಯ ನೇರಕ್ಕೆ, ಮಿದುಳಿನ ಒಳಮಗ್ಗುಲಲ್ಲಿ, ಎಡಕ್ಕೊಂದು ಬಲಕ್ಕೊಂದು ಇರುವ ಈ ಪುಟ್ಟ ಅಂಗ ಹೊಸ ನೆನಪುಗಳನ್ನು ಕಟ್ಟುವ ಕೆಲಸ ಮಾಡುತ್ತದೆ. ಎಂಆರ್‌ಐಯಲ್ಲಿ ಅದರ ಪಕ್ಕದಲ್ಲೇ ದ್ರವ ತುಂಬಿದ ಸಣ್ಣ ಸಂದೊಂದು ಕಪ್ಪಾಗಿ ಕಾಣುತ್ತದೆ. ಹಿಪೊಕ್ಯಾಂಪಸ್ ಕುಗ್ಗಿದಂತೆ ಈ ಸಂದು ಅಗಲವಾಗುತ್ತದೆ. ರೇಡಿಯಾಲಜಿಸ್ಟ್ ನೋಡುವುದು ಇದನ್ನೇ. 1992ರಲ್ಲಿ ನೆದರ್ಲೆಂಡ್ಸ್‌ನ ಫಿಲಿಪ್ ಸ್ಕೆಲ್ಟೆನ್ಸ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ, ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕಣ್ಣಳತೆಯ ಪದ್ಧತಿ ಇಂದಿಗೂ ಬಳಕೆಯಲ್ಲಿದೆ.

ಕಣ್ಣಳತೆಗೆ ಮಿತಿಯಿದೆ. ಒಂದು ಬದಿಯ ಹಿಪೊಕ್ಯಾಂಪಸ್‌ನ ಗಾತ್ರ ಸುಮಾರು ಮೂರೂವರೆ ಘನ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಆರೋಗ್ಯವಂತ ಹಿರಿಯರಲ್ಲಿ ಅದು ವರ್ಷಕ್ಕೆ ಶೇ 1ರ ಆಸುಪಾಸಿನಲ್ಲಿ ಕುಗ್ಗಿದರೆ ಆಲ್‌ಝೈಮರ್ಸ್ ಇರುವವರಲ್ಲಿ ಶೇ 3ರಿಂದ 5ರಷ್ಟು ಕುಗ್ಗುತ್ತದೆ. ಶೇ 4 ಎಂದು ಹಿಡಿದರೂ ವರ್ಷವೊಂದರಲ್ಲಿ ಕಳೆದುಹೋಗುವುದು ಸುಮಾರು ಮೂರು ಹನಿ ನೀರಿನಷ್ಟು ಜಾಗ, ಅದೂ ಹತ್ತಾರು ಚಿತ್ರಗಳಲ್ಲಿ ಹಂಚಿಹೋಗಿರುತ್ತದೆ. ಎಷ್ಟು ಅನುಭವಿ ಕಣ್ಣಾದರೂ ಇದನ್ನು ಅಳೆಯಲಾರದು. ಯಂತ್ರವಾದರೋ ಮಿದುಳನ್ನು ಒಂದೊಂದು ಮಿಲಿಮೀಟರಿನ ಘನಚೂರುಗಳಾಗಿ ವಿಂಗಡಿಸಿ, ಅವುಗಳಲ್ಲಿ ಹಿಪೊಕ್ಯಾಂಪಸ್‌ಗೆ ಸೇರಿದ ಸುಮಾರು 3,500 ಚೂರುಗಳನ್ನು ಎಣಿಸಿ, ಅದೇ ವಯಸ್ಸಿನ, ಅದೇ ತಲೆಗಾತ್ರದ ಆರೋಗ್ಯವಂತರ ಎಣಿಕೆಯೊಂದಿಗೆ ಹೋಲಿಸಿ, ನೂರು ಜನರ ಸಾಲಿನಲ್ಲಿ ನಿಮ್ಮ ತಂದೆಯವರು ಎಷ್ಟನೆಯವರು ಎಂದು ತಿಳಿಸುತ್ತದೆ. ಈ ಕೆಲಸದಲ್ಲಿ ಯಂತ್ರ ನಮಗಿಂತ ಮೇಲು ಎಂದು ಒಪ್ಪಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಆದರೆ ಎರಡು ವಿಷಯ ಗಮನದಲ್ಲಿರಲಿ. ಮೊದಲನೆಯದಾಗಿ, ಈ ಎಣಿಕೆಗೆ ಒಂದು ಮಿಲಿಮೀಟರ್ ದಪ್ಪದ ತೆಳು ಪದರಗಳ ಸ್ಕ್ಯಾನ್ ಬೇಕು. ನಿಮ್ಮ ತಂದೆಯವರಿಗೆ ಐದು ಮಿಲಿಮೀಟರ್ ಪದರಗಳ ಸಾಮಾನ್ಯ ಸ್ಕ್ಯಾನ್ ಮಾತ್ರ ಆಗಿದ್ದರೆ ಅದರಿಂದ ನಂಬಬಹುದಾದ ಅಳತೆ ಸಿಗದು. ಸ್ಕ್ಯಾನ್ ಮಾಡಿದಲ್ಲಿಯೇ ವಿಚಾರಿಸಿ. ಎರಡನೆಯದಾಗಿ, ಹಿಪೊಕ್ಯಾಂಪಸ್ ಸರಿಯಾಗಿದ್ದ ಮಾತ್ರಕ್ಕೆ ಡಿಮೆನ್ಷಿಯಾ ಇಲ್ಲವೆನ್ನಲಾಗದು. ಲೂವಿ ಬಾಡಿ ಎಂಬ ಬಗೆಯಲ್ಲಿ ಅದು ಬಹುಮಟ್ಟಿಗೆ ಉಳಿದುಕೊಂಡಿರುತ್ತದೆ. ರಕ್ತನಾಳಗಳ ತೊಂದರೆಯಿಂದ ಬರುವ ಬಗೆಯಲ್ಲಿ ಹಾನಿ ಮಿದುಳಿನ ಬಿಳಿಭಾಗದಲ್ಲಿ ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ಹಣೆಯ ಹಿಂದಿನ ಭಾಗವೇ ಮೊದಲು ಸೊರಗುತ್ತದೆ. ಆದ್ದರಿಂದ ನೆನಪಿನ ಪರೀಕ್ಷೆ, ಬಿ12 ಮತ್ತು ಥೈರಾಯ್ಡ್‌ನ ರಕ್ತಪರೀಕ್ಷೆ, ಈಗ ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿಯ ಪರಿಶೀಲನೆ, ಖಿನ್ನತೆ ಇದೆಯೇ ಎಂಬ ವಿಚಾರಣೆ ಇವೆಲ್ಲ ಮೊದಲು ಆಗಲಿ. ಇವುಗಳಲ್ಲಿ ಯಾವುದಾದರೊಂದು ಕಾರಣವಾಗಿದ್ದರೆ ಮರೆವು ಚಿಕಿತ್ಸೆಯಿಂದಲೇ ಸುಧಾರಿಸಬಹುದು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಎಂಆರ್‌ಐ ನೋಡಿ ಶೇ 95, ಶೇ 99ರಷ್ಟು ನಿಖರವಾಗಿ ಆಲ್‌ಝೈಮರ್ಸ್ ಗುರುತಿಸುವ ಮಾದರಿಗಳ ಬಗ್ಗೆ ಎಷ್ಟೋ ಪ್ರಬಂಧಗಳಿವೆ. ಹಾಗಿದ್ದರೂ ಆಸ್ಪತ್ರೆಗಳಲ್ಲಿ ಅವು ಎಲ್ಲೆಡೆ ಬಳಕೆಗೆ ಬಂದಿಲ್ಲವೇಕೆ?

ಉತ್ತರ: ಆ ಸಂಖ್ಯೆಯ ಹಿಂದೆ ಯಾವ ಪ್ರಶ್ನೆ ಕೇಳಲಾಗಿತ್ತು ಎಂದು ಮೊದಲು ನೋಡಿ. ಕಾಯಿಲೆ ಸ್ಪಷ್ಟವಾಗಿರುವವರನ್ನೂ ಪೂರ್ಣ ಆರೋಗ್ಯವಂತರನ್ನೂ ಬೇರ್ಪಡಿಸುವುದು ಸುಲಭದ ಪ್ರಶ್ನೆ. ಐದು ನಿಮಿಷ ಮಾತನಾಡಿಸಿದರೆ ವೈದ್ಯರಿಗೂ ಅದು ಗೊತ್ತಾಗುತ್ತದೆ. ನಿಜವಾಗಿ ಕಷ್ಟದ ಪ್ರಶ್ನೆ ಬೇರೆ: ಸ್ವಲ್ಪ ಮರೆವು ಕಾಣಿಸಿಕೊಂಡಿದ್ದು ದಿನನಿತ್ಯದ ಕೆಲಸಗಳನ್ನು ಇನ್ನೂ ತಾವೇ ಮಾಡಿಕೊಳ್ಳುತ್ತಿರುವವರಲ್ಲಿ, ಮುಂದಿನ ಮೂರು ವರ್ಷಗಳಲ್ಲಿ ಯಾರಿಗೆ ಡಿಮೆನ್ಷಿಯಾ ಬರುತ್ತದೆ, ಯಾರಿಗೆ ಬರುವುದಿಲ್ಲ? ಈ ಪ್ರಶ್ನೆಗೆ ಎಂಆರ್‌ಐ ಮಾತ್ರ ನೋಡಿ ಉತ್ತರಿಸುವ ಮಾದರಿಗಳ ನಿಖರತೆ ಸಾಮಾನ್ಯವಾಗಿ ಶೇ 70ರಿಂದ 80ರ ಆಸುಪಾಸಿಗೆ ಇಳಿಯುತ್ತದೆ.

ಇನ್ನೊಂದು ತೊಂದರೆ ವಿದ್ಯಾರ್ಥಿಯಾದ ನಿಮಗೆ ತಕ್ಷಣ ಅರ್ಥವಾಗುತ್ತದೆ: ಅದು ಪ್ರಶ್ನೆಪತ್ರಿಕೆ ಸೋರಿಕೆ. ಒಬ್ಬ ವ್ಯಕ್ತಿಯ ಒಂದು ಸ್ಕ್ಯಾನಿನಲ್ಲಿ ನೂರಾರು ಪದರಗಳಿರುತ್ತವೆ. ಅವನ್ನೆಲ್ಲ ಬಿಡಿಬಿಡಿಯಾಗಿ ಬೆರೆಸಿ, ಕೆಲವನ್ನು ಕಲಿಕೆಗೂ ಕೆಲವನ್ನು ಪರೀಕ್ಷೆಗೂ ಹಂಚಿದರೆ, ಒಬ್ಬರದೇ 80ನೆಯ ಪದರ ಕಲಿಕೆಗೂ 81ನೆಯದು ಪರೀಕ್ಷೆಗೂ ಹೋಗುತ್ತದೆ. ಆಗ ಯಂತ್ರ ಗುರುತಿಸುವುದು ಕಾಯಿಲೆಯನ್ನಲ್ಲ, ಆ ವ್ಯಕ್ತಿಯನ್ನು. 2020ರಲ್ಲಿ ಪ್ರಕಟವಾದ ಒಂದು ವಿಮರ್ಶೆಯು ಈ ಕ್ಷೇತ್ರದ 32 ಪ್ರಬಂಧಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇಂಥ ಸೋರಿಕೆ ಖಚಿತವಾಗಿ ಅಥವಾ ಬಹುಶಃ ನಡೆದಿದೆ ಎಂದು ತೋರಿಸಿತು. ನೀವು ಇದೇ ವಿಷಯದಲ್ಲಿ ಪ್ರಾಜೆಕ್ಟ್ ಮಾಡುವುದಾದರೆ, ದತ್ತಾಂಶವನ್ನು ಚಿತ್ರವಾರು ಹಂಚದೆ ವ್ಯಕ್ತಿವಾರು ಹಂಚಿ. ನಿಖರತೆ ಇಳಿಯುತ್ತದೆ, ಆದರೆ ಇಳಿದ ಆ ಸಂಖ್ಯೆಯೇ ನಿಜವಾದದ್ದು.

ಕಲಿಕೆಯ ಮೂಲವೂ ಕಿರಿದು. ಈ ಮಾದರಿಗಳಲ್ಲಿ ಬಹುಪಾಲು ಕಲಿತಿರುವುದು ಉತ್ತರ ಅಮೆರಿಕದಲ್ಲಿ 2004ರಲ್ಲಿ ಆರಂಭವಾದ ಎಡಿಎನ್‌ಐ ಎಂಬ ಮಹತ್ವದ ಯೋಜನೆಯ ಚಿತ್ರಗಳಿಂದ. ಜಗತ್ತಿನ ಸಂಶೋಧಕರಿಗೆಲ್ಲ ದತ್ತಾಂಶವನ್ನು ತೆರೆದಿಟ್ಟ ಆ ಯೋಜನೆಯ ಉಪಕಾರ ದೊಡ್ಡದು. ಆದರೆ ಅದರಲ್ಲಿ ಬಹಳ ವರ್ಷಗಳ ಕಾಲ ಭಾಗವಹಿಸಿದವರಲ್ಲಿ ಹೆಚ್ಚಿನವರು ಹೆಚ್ಚು ಓದಿದ ಬಿಳಿಯರು. ರಕ್ತನಾಳದ ತೊಂದರೆ ಎದ್ದುಕಾಣುವವರನ್ನು ಆಯ್ಕೆಯಲ್ಲೇ ಹೊರಗಿಡಲಾಗಿತ್ತು. ಆಸ್ಪತ್ರೆಗೆ ಬರುವವರಿಗೆ ಆಲ್‌ಝೈಮರ್ಸ್ ಜೊತೆಗೆ ರಕ್ತದೊತ್ತಡ, ಮಧುಮೇಹ, ಹಿಂದೊಮ್ಮೆ ಆದ ಲಘು ಪಾರ್ಶ್ವವಾಯು ಎಲ್ಲವೂ ಇರುತ್ತವೆ. ಯಂತ್ರ ಅಂಥವರನ್ನು ಕಂಡಿರುವುದು ಕಡಿಮೆ.

ಇನ್ನು ಸ್ಕ್ಯಾನರ್‌ನ ವ್ಯತ್ಯಾಸ. ಒಂದೂವರೆ ಟೆಸ್ಲಾ (ಟೆಸ್ಲಾ ಎಂದರೆ ಸ್ಕ್ಯಾನರ್‌ನ ಕಾಂತಬಲದ ಅಳತೆ) ಯಂತ್ರದಲ್ಲಿ ತೆಗೆದ ಚಿತ್ರವೂ ಮೂರು ಟೆಸ್ಲಾದಲ್ಲಿ ತೆಗೆದದ್ದೂ ಒಂದೇ ತೆರನಾಗಿರುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಮೋಸ ಇನ್ನೊಂದಿದೆ: ಸ್ಕ್ಯಾನ್ ನಡೆಯುವಾಗ ತಲೆ ಸ್ವಲ್ಪ ಅಲುಗಿದರೂ ಚಿತ್ರ ಮಸುಕಾಗಿ ಮಿದುಳಿನ ಹೊರಪದರ ಇದ್ದದ್ದಕ್ಕಿಂತ ತೆಳ್ಳಗೆ ಕಾಣುತ್ತದೆ. ಗೊಂದಲದಲ್ಲಿರುವ ರೋಗಿ ಹೆಚ್ಚು ಅಲುಗುತ್ತಾನೆ. ಹೀಗಾಗಿ ಯಂತ್ರ ಅಲುಗಾಟವನ್ನೇ ಕಾಯಿಲೆಯೆಂದು ಕಲಿತುಬಿಡುವ ಅಪಾಯವಿದೆ, ಹೆದರಿಕೆಯಿಂದ ಮಿಸುಕಾಡಿದ ಆರೋಗ್ಯವಂತನನ್ನು ರೋಗಿಯ ಸಾಲಿಗೆ ಸೇರಿಸುವ ಅಪಾಯವೂ ಇದೆ.

ಇಷ್ಟೆಲ್ಲ ಹೇಳಿದ್ದು ನಿಮ್ಮ ಉತ್ಸಾಹವನ್ನು ಕುಗ್ಗಿಸಲಿಕ್ಕಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದ ಸಂಶೋಧಕರು ಮಿದುಳಿನ ಯಾವ ಭಾಗ ಎಷ್ಟು ಗ್ಲೂಕೋಸ್ ಬಳಸುತ್ತಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್‌ಗಳ ಮೇಲೆ ಇಂಥದೇ ಮಾದರಿಯೊಂದನ್ನು ತರಬೇತಿಗೊಳಿಸಿದರು. 1,002 ಜನರ 2,109 ಚಿತ್ರಗಳು ಅವರ ಬಳಿ ಇದ್ದವು. ಬಳಿಕ ಅದು ಹಿಂದೆಂದೂ ಕಾಣದ 40 ಜನರ ಚಿತ್ರಗಳನ್ನು ಕೊಟ್ಟಾಗ, ಮುಂದೆ ಆಲ್‌ಝೈಮರ್ಸ್ ಎಂದು ನಿರ್ಧಾರವಾದವರೆಲ್ಲರನ್ನೂ ವೈದ್ಯರ ಅಂತಿಮ ನಿರ್ಧಾರಕ್ಕಿಂತ ಸರಾಸರಿ ಆರು ವರ್ಷ ಮೊದಲಿನ ಚಿತ್ರದಲ್ಲೇ ಅದು ಗುರುತಿಸಿತು. ಕಾಯಿಲೆ ಬಾರದವರಲ್ಲಿ ಶೇ 82ರಷ್ಟು ಮಂದಿಗೆ ಕಾಯಿಲೆಯಿಲ್ಲವೆಂದು ಸರಿಯಾಗಿಯೇ ಹೇಳಿತು. ಇದು ದೊಡ್ಡ ಸಾಧನೆಯೇ. ಆದರೆ ಪರೀಕ್ಷೆಗೆ ಕುಳಿತವರು 40 ಮಂದಿ ಎಂಬುದನ್ನೂ, ಕಾಯಿಲೆ ಬಾರದ ನೂರರಲ್ಲಿ 18 ಜನರಿಗೆ ಸುಳ್ಳು ಗಂಟೆ ಬಾರಿಸುವ ಲೆಕ್ಕ ಅದೆಂಬುದನ್ನೂ ಜೊತೆಯಲ್ಲೇ ಓದಿಕೊಳ್ಳಬೇಕು.

ಪ್ರಶ್ನೆ: ನನಗೆ 62 ವರ್ಷ. ಮರೆವೇನೂ ಇಲ್ಲ. ಆದರೆ ನಮ್ಮ ತಾಯಿಯವರು ಇದೇ ಕಾಯಿಲೆಯಿಂದ ಎಂಟು ವರ್ಷ ನರಳಿದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಈಗಲೇ ಸ್ಕ್ಯಾನ್ ಮಾಡಿಸಿ ಕೃತಕ ಬುದ್ಧಿಮತ್ತೆಯಿಂದ ಪರೀಕ್ಷಿಸಿಕೊಂಡರೆ ಒಳ್ಳೆಯದಲ್ಲವೆ?

ಉತ್ತರ: ತಾಯಿಯ ಆ ಎಂಟು ವರ್ಷಗಳನ್ನು ಕಂಡವರ ಮನಸ್ಸಿನಲ್ಲಿ ಈ ಭಯ ಏಳುವುದು ಸಹಜ. ಆದರೂ ಈಗ ಬೇಡ ಎಂದೇ ನನ್ನ ಸಲಹೆ. ಕಾರಣವನ್ನು ಒಂದು ಲೆಕ್ಕದಿಂದ ವಿವರಿಸುತ್ತೇನೆ. ಸಂಖ್ಯೆಗಳು ಉದಾಹರಣೆಗಾಗಿ ಹಿಡಿದವು.

ಮರೆವಿನ ದೂರು ಇಲ್ಲದ 1,000 ಜನರನ್ನು ಪರೀಕ್ಷಿಸುತ್ತೇವೆ, ಅವರಲ್ಲಿ 50 ಮಂದಿಗೆ ಕಾಯಿಲೆ ಒಳಗೊಳಗೇ ಆರಂಭವಾಗಿದೆ ಎಂದುಕೊಳ್ಳಿ. ಯಂತ್ರವು ಕಾಯಿಲೆ ಇರುವ ನೂರರಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 90 ಮಂದಿಗೆ ಇಲ್ಲವೆಂದೇ ಹೇಳುತ್ತದೆ. ಕೇಳಲು ತುಂಬ ಚೆನ್ನಾಗಿದೆ. ಈಗ ಎಣಿಸಿ: 50 ಜನರಲ್ಲಿ 45 ಮಂದಿ ಸಿಕ್ಕಿದರು. ಉಳಿದ 950 ಜನರಲ್ಲಿ ಹತ್ತನೆಯ ಒಂದು ಭಾಗ, ಅಂದರೆ 95 ಮಂದಿಗೆ, ಇಲ್ಲದ ಕಾಯಿಲೆಯನ್ನು ಇದೆಯೆಂದು ಹೇಳಿದ್ದಾಯಿತು. ಒಟ್ಟು 140 ಜನ ಕೆಟ್ಟ ಸುದ್ದಿ ಹೊತ್ತು ಮನೆಗೆ ಹೋದರು. ಅವರಲ್ಲಿ ಮೂರರಲ್ಲಿ ಇಬ್ಬರಿಗೆ ಏನೂ ಆಗಿರಲಿಲ್ಲ. ಇದೇ ಯಂತ್ರವನ್ನು ನೆನಪಿನ ಚಿಕಿತ್ಸಾಲಯದಲ್ಲಿಟ್ಟು ನೋಡಿ. ಅಲ್ಲಿಗೆ ಬರುವ 1,000 ಜನರಲ್ಲಿ 500 ಮಂದಿಗೆ ಕಾಯಿಲೆ ಇದ್ದರೆ, ಯಂತ್ರ ಇದೆ ಎಂದ 500 ಜನರಲ್ಲಿ 450 ಮಂದಿಗೆ ನಿಜವಾಗಿಯೂ ಇರುತ್ತದೆ. ಯಂತ್ರ ಬದಲಾಗಲಿಲ್ಲ, ಅದರ ಮುಂದೆ ಕುಳಿತವರು ಬದಲಾದರು. ಪಾಸ್‌ಬುಕ್ ಮುಂದೆ ತಬ್ಬಿಬ್ಬಾದ ಆ ತಂದೆಯವರಿಗೆ ಸ್ಕ್ಯಾನಿನ ಮರುಓದು ಆಗಬಹುದು ಎಂದ ನಾನೇ ನಿಮಗೆ ಬೇಡವೆನ್ನುತ್ತಿರುವುದು ಇದಕ್ಕಾಗಿ. ಮರೆವಿನ ಲಕ್ಷಣವಿಲ್ಲದ ಹಿರಿಯರನ್ನು ನೆನಪಿನ ಪರೀಕ್ಷೆಗಳಿಂದ ಸಾಮೂಹಿಕವಾಗಿ ತಪಾಸಣೆ ಮಾಡುವುದಕ್ಕೂ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮುಂಜಾಗ್ರತಾ ಸೇವೆಗಳ ಕಾರ್ಯಪಡೆ 2020ರಲ್ಲಿ ಹೇಳಿತು.

ಚಿತ್ರದಲ್ಲಿ ಕಾಯಿಲೆಯ ಗುರುತು ಇದ್ದವರೆಲ್ಲರೂ ಮರೆಯುವುದೂ ಇಲ್ಲ. 1986ರಲ್ಲಿ ಡೇವಿಡ್ ಸ್ನೋಡನ್ ಅಮೆರಿಕದ ಕ್ರೈಸ್ತ ಸನ್ಯಾಸಿನಿಯರಲ್ಲಿ ಆರಂಭಿಸಿದ ದೀರ್ಘ ಅಧ್ಯಯನದಲ್ಲಿ, 101 ವರ್ಷ ಬದುಕಿ ಕೊನೆಯವರೆಗೂ ನೆನಪಿನ ಪರೀಕ್ಷೆಗಳಲ್ಲಿ ಚೆನ್ನಾಗಿ ಅಂಕ ಪಡೆದ ಸನ್ಯಾಸಿನಿಯೊಬ್ಬರಿದ್ದರು. ಮರಣಾನಂತರ ಅವರ ಮಿದುಳನ್ನು ಪರೀಕ್ಷಿಸಿದಾಗ ಆಲ್‌ಝೈಮರ್ಸ್‌ನ ಗುರುತುಗಳು ಹೇರಳವಾಗಿ ಕಂಡವು. ಅವರು ಬದುಕಿದ್ದಾಗ ಯಾರಾದರೂ ಅವರ ಮಿದುಳಿನ ಚಿತ್ರವನ್ನಷ್ಟೇ ನೋಡಿ ಮುಂದಿನ ಬದುಕನ್ನು ಊಹಿಸಿದ್ದರೆ ಏನಾಗುತ್ತಿತ್ತೆಂದು ನಾನು ಹಲವು ಸಲ ಯೋಚಿಸಿದ್ದೇನೆ.

ಸ್ಕ್ಯಾನಿಗೆ ಬದಲಾಗಿ ರಕ್ತದೊತ್ತಡ, ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಕಿವಿ ಮತ್ತು ಕಣ್ಣು ಇವುಗಳನ್ನು ತಪ್ಪದೆ ಪರೀಕ್ಷಿಸಿಕೊಳ್ಳಿ; ಧೂಮಪಾನವಿದ್ದರೆ ಬಿಡಿ, ನಡೆಯಿರಿ, ಜನರ ನಡುವೆ ಇರಿ. ಬದಲಾಯಿಸಬಹುದಾದ ಇಂಥ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಅಂದಾಜಿಸಿದೆ. ತಾಯಿಯವರಿಗೆ ಕಾಯಿಲೆ 60ಕ್ಕೆ ಮೊದಲೇ ಬಂದಿದ್ದರೆ ಅಥವಾ ಮನೆತನದಲ್ಲಿ ಹಲವರಿಗೆ ಹಾಗೆ ಬಂದಿದ್ದರೆ ಮಾತ್ರ ವಿಷಯ ಬೇರೆ. ಆಗ ಅನುವಂಶೀಯತೆಯ ಸಲಹೆಗಾರರನ್ನು ಕಾಣಿರಿ.

ಪ್ರಶ್ನೆ: ನನ್ನ ಪತಿಯ ಸ್ಕ್ಯಾನ್ ವರದಿಯ ಜೊತೆಗೆ ಒಂದು ತಂತ್ರಾಂಶದ ಹಾಳೆ ಬಂದಿದೆ. ಅವರಿಗೆ 64 ವರ್ಷ, ಆದರೆ ‘ಮಿದುಳಿನ ವಯಸ್ಸು 70’ ಎಂದಿದೆ. ಅಂದಿನಿಂದ ಇಬ್ಬರಿಗೂ ನಿದ್ದೆಯಿಲ್ಲ.

ಉತ್ತರ: ಸಾವಿರಾರು ಆರೋಗ್ಯವಂತರ ಸ್ಕ್ಯಾನ್‌ಗಳನ್ನು ತೋರಿಸಿ, ಚಿತ್ರ ನೋಡಿ ವಯಸ್ಸು ಊಹಿಸಲು ಯಂತ್ರಕ್ಕೆ ಕಲಿಸಿರುತ್ತಾರೆ. ಹಾಳೆಯಲ್ಲಿರುವುದು ಆ ಊಹೆ. ಒಳ್ಳೆಯ ಮಾದರಿಗಳು ಕೂಡ ಪೂರ್ಣ ಆರೋಗ್ಯವಂತರ ವಯಸ್ಸನ್ನು ಊಹಿಸುವಾಗಲೇ ಸರಾಸರಿ ಮೂರರಿಂದ ಐದು ವರ್ಷ ಆಚೀಚೆ ಆಗುತ್ತವೆ. ಅಂದಮೇಲೆ ಆರು ವರ್ಷದ ಅಂತರ ಆ ತಪ್ಪಿನ ಅಂಚಿಗಿಂತ ಹೆಚ್ಚು ದೂರವೇನಿಲ್ಲ. ಸಾವಿರಾರು ಜನರ ಗುಂಪನ್ನು ಅಧ್ಯಯನ ಮಾಡುವಾಗ ಈ ಅಂತರ ಉಪಯುಕ್ತ. ಮಧುಮೇಹ, ರಕ್ತದೊತ್ತಡ ಇರುವವರಲ್ಲಿ ಅದು ಸರಾಸರಿ ಹೆಚ್ಚಿರುವುದು ತಿಳಿದುಬಂದಿದೆ. ಒಬ್ಬ ಮನುಷ್ಯನ ಕೈಗೆ ವಿವರಣೆಯಿಲ್ಲದೆ ಇಂಥ ಸಂಖ್ಯೆಯನ್ನು ಕೊಟ್ಟು ಕಳಿಸುವುದು ಸರಿಯಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ. ನಿಮ್ಮ ಪತಿ ಎಂದಿನಂತೆ ಮನೆ, ಹಣಕಾಸು, ಓಡಾಟ ನಿಭಾಯಿಸುತ್ತಿದ್ದರೆ ರಕ್ತದೊತ್ತಡ ಮತ್ತು ಸಕ್ಕರೆಯನ್ನು ನೋಡಿಸಿ, ಹಾಳೆಯನ್ನು ಕಡತದಲ್ಲಿ ಇಟ್ಟುಬಿಡಿ.

ಪ್ರಶ್ನೆ: ಇಂಥ ಸ್ಕ್ಯಾನ್‌ಗಳಿಂದ ವಿಕಿರಣದ ಅಪಾಯವಿದೆಯೆ?

ಉತ್ತರ: ಎಂಆರ್‌ಐಯಲ್ಲಿ ವಿಕಿರಣವಿಲ್ಲ, ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹವಿದ್ದರೆ ಮೊದಲೇ ತಿಳಿಸಬೇಕು, ಅಷ್ಟೇ. ಪೆಟ್ ಸ್ಕ್ಯಾನ್‌ನಲ್ಲಿ ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಚುಚ್ಚುತ್ತಾರೆ. ಅದರಲ್ಲಿರುವ ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ ಮರುದಿನದ ಹೊತ್ತಿಗೆ ಬಹುತೇಕ ಇಲ್ಲವಾಗುತ್ತದೆ. ಆಮೇಲೆ ಯಂತ್ರ ಚಿತ್ರವನ್ನು ಎಷ್ಟು ಸಲ ಓದಿದರೂ ದೇಹಕ್ಕೆ ಏನೂ ಆಗದು.

ಪ್ರಶ್ನೆ: ನನಗೆ 66 ವರ್ಷ. ಡಿಮೆನ್ಷಿಯಾ ಅಲ್ಲ, ಅದರ ಹಿಂದಿನ ಹಂತವಾದ ಎಂಸಿಐ ಇದೆ ಎಂದು ವೈದ್ಯರು ಹೇಳಿದ್ದಾರೆ. ಮುಂದಿನ ಸ್ಕ್ಯಾನ್‌ಗಳಿಗೆ ಒತ್ತಾಯಿಸುತ್ತಿದ್ದಾರೆ. ವಾಸಿಯೇ ಆಗದ ಕಾಯಿಲೆಯನ್ನು ಮೊದಲೇ ತಿಳಿದು ಏನು ಪ್ರಯೋಜನ?

ಉತ್ತರ: ಈ ಪ್ರಶ್ನೆಯನ್ನು ಕೇಳುವ ಪೂರ್ಣ ಹಕ್ಕು ನಿಮಗಿದೆ, ತಿಳಿಯುವುದು ಬೇಡವೆಂದು ನಿರ್ಧರಿಸುವ ಹಕ್ಕೂ ಇದೆ. ನಿರ್ಧಾರಕ್ಕೆ ಮೊದಲು ಕೆಲವು ಸಂಗತಿಗಳನ್ನು ಮುಂದಿಡುತ್ತೇನೆ. ಎಂಸಿಐ ಇರುವವರೆಲ್ಲರೂ ಡಿಮೆನ್ಷಿಯಾಕ್ಕೆ ಜಾರುವುದಿಲ್ಲ. ಹಲವರು ವರ್ಷಗಟ್ಟಲೆ ಇದ್ದಂತೆಯೇ ಇರುತ್ತಾರೆ, ಕೆಲವರು ಸಹಜಸ್ಥಿತಿಗೂ ಮರಳುತ್ತಾರೆ. ನೀವು ಯಾವ ದಾರಿಯಲ್ಲಿದ್ದೀರಿ ಎಂಬುದನ್ನು ಅಂದಾಜಿಸಲು ಸ್ಕ್ಯಾನ್ ನೆರವಾಗುವುದು ಈ ಹಂತದಲ್ಲೇ. ಯಂತ್ರದ ಅಳತೆ ಹೆಚ್ಚು ಬೆಲೆ ಪಡೆಯುವುದೂ ಇಲ್ಲಿಯೇ.

ಔಷಧಿಯ ವಿಷಯದಲ್ಲಿ ಸ್ಥಿತಿ ಸ್ವಲ್ಪ ಬದಲಾಗಿದೆ. ಮಿದುಳಿನಲ್ಲಿ ಜಮೆಯಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆದುಹಾಕುವ ಲೆಕನೆಮ್ಯಾಬ್‌ಗೆ 2023ರ ಜುಲೈನಲ್ಲಿ ಮತ್ತು ಡೊನನೆಮ್ಯಾಬ್‌ಗೆ 2024ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಪೂರ್ಣ ಅನುಮೋದನೆ ಕೊಟ್ಟಿತು. ಲೆಕನೆಮ್ಯಾಬ್ ಪ್ರಯೋಗದಲ್ಲಿ 18 ತಿಂಗಳಲ್ಲಿ ಕಾಯಿಲೆಯ ಇಳಿಜಾರು ಶೇ 27ರಷ್ಟು ನಿಧಾನವಾಯಿತು. ಅದನ್ನೇ 18 ಅಂಕಗಳ ಮಾಪನದಲ್ಲಿ ಹೇಳಿದರೆ ಅರ್ಧ ಅಂಕಕ್ಕಿಂತಲೂ ತುಸು ಕಡಿಮೆಯ ವ್ಯತ್ಯಾಸ. ಆದ್ದರಿಂದ ಯಾರಾದರೂ ಇದನ್ನು ಪವಾಡವೆಂದರೆ ನಂಬಬೇಡಿ. ಈ ಔಷಧಿಗಳು ಆರಂಭದ ಹಂತದವರಿಗೆ ಮಾತ್ರ, ಅದೂ ಅಮಿಲಾಯ್ಡ್ ಇರುವುದು ಖಚಿತವಾದ ಮೇಲೆ. ಕೆಲವರಲ್ಲಿ ಇವು ಮಿದುಳಿನ ಊತವನ್ನೂ ಸಣ್ಣ ರಕ್ತಸ್ರಾವಗಳನ್ನೂ ಉಂಟುಮಾಡುವುದರಿಂದ ಚಿಕಿತ್ಸೆಯ ಉದ್ದಕ್ಕೂ ಮತ್ತೆ ಮತ್ತೆ ಎಂಆರ್‌ಐ ಬೇಕಾಗುತ್ತದೆ. ಎಳ್ಳುಕಾಳಿನಷ್ಟೂ ದೊಡ್ಡದಲ್ಲದ ಆ ರಕ್ತದ ಚುಕ್ಕೆಗಳನ್ನು ಹಿಂದಿನ ಸ್ಕ್ಯಾನಿನ ಜೊತೆ ಒಂದೊಂದಾಗಿ ಹೋಲಿಸುವ ಕೆಲಸದಲ್ಲಿ ಕೃತಕ ಬುದ್ಧಿಮತ್ತೆ ವೈದ್ಯರಿಗೆ ಜೊತೆಗಾರನಾಗಬಲ್ಲದು.

ಔಷಧಿಯನ್ನು ಬದಿಗಿಟ್ಟರೂ ಒಂದು ಪ್ರಯೋಜನ ಉಳಿಯುತ್ತದೆ. ಕಾಯಿಲೆ ತಡವಾಗಿ ತಿಳಿದ ಮನೆಗಳಲ್ಲಿ ಆಸ್ತಿ, ಚಿಕಿತ್ಸೆ, ಯಾರೊಂದಿಗೆ ಇರಬೇಕು ಎಂಬ ತೀರ್ಮಾನಗಳನ್ನೆಲ್ಲ ಬೇರೆಯವರು ಮಾಡಿರುತ್ತಾರೆ. ಕಾಯಿಲೆಯವರು ಆ ಮಾತುಕತೆ ನಡೆಯುವ ಕೋಣೆಯಲ್ಲೇ ಕುಳಿತಿದ್ದರೂ ಅವರನ್ನು ಯಾರೂ ಕೇಳಿರುವುದಿಲ್ಲ. ನಿಮ್ಮ ಪತ್ರವನ್ನು ನೀವೇ ಸ್ಪಷ್ಟವಾದ ಮಾತುಗಳಲ್ಲಿ ಬರೆದಿದ್ದೀರಿ. ನಿಮ್ಮ ಇಚ್ಛೆ ಏನೆಂದು ಹೇಳಲು, ಬರೆದಿಡಲು, ಸಹಿ ಹಾಕಲು ಇದು ಸರಿಯಾದ ಸಮಯ, ಸ್ಕ್ಯಾನ್ ಮಾಡಿಸಿದರೂ ಸರಿ, ಮಾಡಿಸದಿದ್ದರೂ ಸರಿ.

ಪ್ರಶ್ನೆ: ಹಿಂದೆ ತಲೆನೋವಿಗೆಂದು ಮಾಡಿಸಿದ ಹಳೆಯ ಎಂಆರ್‌ಐ ಫಿಲ್ಮ್‌ಗಳನ್ನು ಇಟ್ಟುಕೊಳ್ಳಬೇಕೆ, ಎಸೆಯಬಹುದೆ?

ಉತ್ತರ: ಎಸೆಯಬೇಡಿ. ಆದರೆ ಫಿಲ್ಮ್ ಮಾತ್ರ ಸಾಲದು. ಅದರಲ್ಲಿ ಆಯ್ದ ಕೆಲವು ಚಿತ್ರಗಳಷ್ಟೇ ಇರುತ್ತವೆ, ಯಂತ್ರ ಅದನ್ನು ಅಳೆಯಲಾರದು. ಸ್ಕ್ಯಾನ್ ಮಾಡಿದ ಕೇಂದ್ರದಿಂದ ಪೂರ್ತಿ ಚಿತ್ರಗಳಿರುವ ಸಿಡಿ ಅಥವಾ ಡಿಜಿಟಲ್ ಕಡತವನ್ನು ಕೇಳಿ ಪಡೆದು, ದಿನಾಂಕ ಬರೆದು ಇಟ್ಟುಕೊಳ್ಳಿ. ಸಾವಿರ ಅಪರಿಚಿತರ ಸರಾಸರಿಯೊಂದಿಗೆ ಹೋಲಿಸುವುದಕ್ಕಿಂತ, ಐದು ವರ್ಷದ ಹಿಂದಿನ ನಿಮ್ಮದೇ ಮಿದುಳಿನೊಂದಿಗೆ ಇಂದಿನದನ್ನು ಹೋಲಿಸುವುದು ಎಷ್ಟೋ ಹೆಚ್ಚು ನಂಬಲರ್ಹ. ಸಾಧ್ಯವಾದರೆ ಮುಂದಿನ ಸ್ಕ್ಯಾನನ್ನೂ ಅದೇ ಕೇಂದ್ರದಲ್ಲಿ, ಅದೇ ಯಂತ್ರದಲ್ಲಿ ಮಾಡಿಸಿ.